ಐರ್ಲೆಂಡಿನ ಗೆರೆ, ಜಗುಲಿಯ ಎಲೆ

ಹಿರಿಯರಿಗೆ ಎಡೆ ಇಡುವ ದಿನ ನಮ್ಮ ಮನೆಯ ಬಾಗಿಲಿಗೆ ರಂಗೋಲಿ ಹಾಕುವುದಿಲ್ಲ. ಅಂದು ಬೆಳಿಗ್ಗೆಯೂ ಅಂಗಳಕ್ಕೆ ನೀರು ಚಿಮುಕಿಸಿದ ಮೇಲೆ ಕೈ ತಾನಾಗಿ ರಂಗೋಲಿ ಡಬ್ಬಿಯತ್ತ ಹೋಯಿತು. ನೆನಪಾಗಿ ಹಿಂದಕ್ಕೆ ತೆಗೆದುಕೊಂಡೆ. ಹಾಲು ಕಾಯಿಸಿ, ಡಿಕಾಕ್ಷನ್ ಇಳಿಯಲು ಬಿಟ್ಟು, ಸುಗಟೂರಿನಿಂದ ಬಂದ ಆಲೂಗಡ್ಡೆಯ ಮಣ್ಣು ತೊಳೆಯುತ್ತ ಕೂತೆ. ಅತ್ತೆ ಬಾಳೆ ಎಲೆ ಒರೆಸುತ್ತಿದ್ದರು.

"ಕರೆಯೋರಿಲ್ದಿರೋರು ಇವತ್ತು ಬಾಗಿಲ ಹೊರಗೇ ನಿಂತಿರ್ತಾರೆ ಕಣಮ್ಮ" ಎಂದರು. ಪ್ರತಿ ವರ್ಷ ಹೇಳುವ ಮಾತೇ.

ಪಕ್ಕದಲ್ಲಿ ಮಗಳು ಲ್ಯಾಪ್‌ಟಾಪ್ ಹಿಡಿದಿದ್ದಳು. ಕೋಲಾರದ ಕಾಲೇಜಿನಲ್ಲಿ ಅವಳದು ಅರ್ಥಶಾಸ್ತ್ರ. ಮರುದಿನ ಎರಡು ದೇಶಗಳ ತಲಾ ಆದಾಯ ಹೋಲಿಸಿ ತರಗತಿಯಲ್ಲಿ ಮಾತಾಡಬೇಕಿತ್ತು.

"ಇಲ್ನೋಡಮ್ಮ, ಮೇಲಿನ ಗೆರೆ ಬ್ರಿಟನ್, ಕೆಳಗಿಂದು ಐರ್ಲೆಂಡ್."

ಕೆಳಗಿನ ಗೆರೆ ಬಹಳ ದೂರ ತಗ್ಗಿನಲ್ಲೇ ನಡೆದು, ಆಮೇಲೆ ಏರುತ್ತ ಏರುತ್ತ ಮೇಲಿನದನ್ನು ದಾಟಿಹೋಗಿತ್ತು.

"ಅಷ್ಟು ಶ್ರೀಮಂತರಾ ಈಗ ಅವರು?"

"ಹೊರಗಿನ ಕಂಪನಿಗಳ ಲಾಭಾನೂ ಅದ್ರಲ್ಲಿ ಸೇರ್ಕೊಂಡಿದೆ, ಎಲ್ಲಾ ಜನರ ಕೈಗೆ ಹೋಗಲ್ಲ. ಆದ್ರೂ ಮೊದಲಿನ ಥರ ಇಲ್ಲ."

ನನ್ನ ಕಣ್ಣು ಗೆರೆ ತಗ್ಗಿನಲ್ಲಿದ್ದ ಕಡೆಯೇ ನಿಂತಿತ್ತು. ಅಲ್ಲಿಂದ ಹೊರಟು ಬಂದವರೊಬ್ಬರನ್ನು ನಾನು ಬಲ್ಲೆ.

ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಐರ್ಲೆಂಡಿನವರು. ಬೇಯಿಸಿದ ಆಲೂಗಡ್ಡೆಯನ್ನು ಸಿಪ್ಪೆ ಸಮೇತ, ಬರೀ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದರು. ತಟ್ಟೆಯಲ್ಲಿ ಉಳಿದ ಚೂರನ್ನು ಬೆರಳ ತುದಿಗೆ ಅಂಟಿಸಿಕೊಳ್ಳುತ್ತಿದ್ದರು. ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಬ್ಬೊಬ್ಬರೇ ದುಡಿಮೆಗೆಂದು ಇಂಗ್ಲೆಂಡಿನ ಹಡಗು ಹತ್ತಿದ್ದರಂತೆ. ಅವರ ಮುದಿತನದಲ್ಲಿ ನಾನು ನೋಡಲು ಹೋದಾಗ, ನಿಧಾನವಾದ ಕನ್ನಡದಲ್ಲಿ, "ನಮ್ಮ ಮನೆಗೆ ಬೀಗ ಬಿತ್ತು ಮಗು. ನನ್ನನ್ನು ನೆನೆಯೋರು ಅಲ್ಲಿ ಯಾರೂ ಇಲ್ಲ" ಎಂದಿದ್ದರು. ಮಣ್ಣಾದದ್ದೂ ಇಲ್ಲೇ, ಕಾನ್ವೆಂಟಿನ ಹಿತ್ತಲಿನಲ್ಲಿ.

"ತಲಾ ಅಂದ್ರೆ ಯಾರ್ಯಾರನ್ನ ಎಣಿಸ್ತೀರ?" ಎಂದು ಮಗಳನ್ನು ಕೇಳಿದೆ.

"ಅಲ್ಲಿರೋರನ್ನ."

"ಬಿಟ್ಟು ಬಂದೋರು?"

"ಅವರು ಇಲ್ಲಿ ಬರಲ್ಲಮ್ಮ" ಎಂದಳು, ತಲೆ ಎತ್ತದೆ.

ಬಾಗಿಲತ್ತ ನೋಡಿದೆ. ಅಂಗಳವೆಲ್ಲ ಒಣಗಿತ್ತು, ಹೊಸ್ತಿಲ ಹತ್ತಿರ ಮಾತ್ರ ಎರಡು ಹೆಜ್ಜೆಯಷ್ಟು ಒದ್ದೆ ಉಳಿದಿತ್ತು.

"ಅತ್ತೆ, ನಮ್ಮ ಸಿಸ್ಟರ್‌ಗೂ ಒಂದು ಎಲೆ ಇಡ್ಲಾ?"

ಒರೆಸುತ್ತಿದ್ದ ಕೈ ನಿಂತಿತು. "ಅವರ ದೇವರೇ ಬೇರೆ. ಅವರ ಕಡೆಯೋರು ನೋಡ್ಕೊಳ್ಳಲ್ವಾ?"

"ಯಾರೂ ಇಲ್ಲ ಅಂತ ಅವರೇ ಹೇಳಿದ್ರು."

ಅತ್ತೆ ಒರೆಸಿದ ಎಲೆಗಳಲ್ಲಿ ಒಂದನ್ನು ಪಕ್ಕಕ್ಕೆ ತೆಗೆದಿಟ್ಟರು. "ಒಳಗೆ ಬೇಡಮ್ಮ. ಜಗುಲಿ ಮೇಲಿಡು. ಉಪ್ಪು ಮರೀಬೇಡ."

ಸಂಜೆ ಮಾವನವರ ಫೋಟೋದ ಮುಂದೆ ವಡೆ, ಪಾಯಸ, ಅವರಿಗಿಷ್ಟದ ಹುರುಳಿ ಸಾರು ಬಡಿಸಿದೆವು. ಹೊರಗೆ ಜಗುಲಿಯ ಎಲೆಗೆ ಬೇಯಿಸಿದ ಆಲೂಗಡ್ಡೆ, ಪಕ್ಕದಲ್ಲಿ ಉಪ್ಪು. ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗಿರಬೇಕು. ಬಂದವರು ನೆಮ್ಮದಿಯಾಗಿ ಉಣ್ಣಲಿ ಎಂದು. ಹೊರಗೆ ಬಂದಮೇಲೆ ಹೊಳೆಯಿತು, ಸಿಸ್ಟರ್‌ಗೆ ನಾವು ಆ ಏಕಾಂತವನ್ನೂ ಉಳಿಸಿರಲಿಲ್ಲ. ಅವರ ಎಲೆಗೆ ಬೆನ್ನು ಹಾಕಿ ಮೂವರೂ ಮೆಟ್ಟಿಲ ಮೇಲೆ ಕೂತೆವು. ಮಗಳು ಮೊಬೈಲನ್ನು ಮಗುಚಿಟ್ಟುಕೊಂಡಿದ್ದಳು. ಒಳಗಿನಿಂದ ಸದ್ದಿಲ್ಲ. ಬೆನ್ನ ಹಿಂದೆ ಬೆಂದ ಆಲೂಗಡ್ಡೆಯ ವಾಸನೆ. ಕಾನ್ವೆಂಟಿನ ಊಟದ ಕೋಣೆಯ ಉದ್ದ ಬೆಂಚು, ಕಿಟಕಿಯ ಪಕ್ಕ ತಟ್ಟೆಯ ಮೇಲೆ ಬಾಗಿದ ಸಿಸ್ಟರ್ ತಲೆ ನೆನಪಾಯಿತು. ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ.

ಡೈರಿಗೆ ಹಾಲು ಹಾಕಿ ಬರುತ್ತಿದ್ದ ಪಕ್ಕದ ಮನೆಯಾಕೆ ಖಾಲಿ ಕ್ಯಾನು ಆಡಿಸುತ್ತ ಗೇಟಿನ ಹತ್ತಿರ ನಿಂತಳು.

"ಯಾರಿಗಕ್ಕ ಇದು, ಸಿಪ್ಪೆ ಸಮೇತ ಆಲೂಗಡ್ಡೆ?"

"ನಮ್ಮ ಟೀಚರ್‌ಗೆ."

"ಹಸಿವು ಕಂಡೋರು ಅನ್ಸುತ್ತೆ" ಎಂದು ಆಗಲೇ ತನ್ನ ಮನೆಯತ್ತ ತಿರುಗಿದ್ದಳು. "ಹೊರಗ್ಯಾಕೆ ಕೂರಿಸಿದೀರ ಪಾಪಂ, ಮಂಜು ಬೀಳ್ತಾ ಇದೆ."