ಕಾಕಾ ಕೊಡಿಸಿದ ಶಾಖ

ಗಾಯದ ಮೇಲೆ ಬರೆ ಎಳೆದಂತೆ ಎಂದು ಜನ ಮಾತಿಗೆ ಅಂದುಬಿಡುತ್ತಾರೆ. ಬಸ್ಸು ತಪ್ಪಿದರೂ ಅನ್ನುತ್ತಾರೆ, ಸೀಮೆಎಣ್ಣೆ ಸಿಗದಿದ್ದರೂ ಅನ್ನುತ್ತಾರೆ. ಸುಟ್ಟ ಚರ್ಮದ ವಾಸನೆ ಕಂಡವರು ಆ ಮಾತನ್ನು ಅಷ್ಟು ಸಸ್ತಾ ಮಾಡಲಾರರು. ನನಗಂತೂ ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ನಾನು ಮತ್ತು ಅವ್ವ ದೇವದುರ್ಗದಲ್ಲಿ ಅಪ್ಪನ ತಮ್ಮನ ಮನೆಯಲ್ಲಿದ್ದೆವು. ಅಲ್ಲಿ ಕಾಕಾ ಆಡಿದ್ದೇ ಮಾತು. ರಾಯಚೂರಿನ ಹಾಸ್ಟೆಲಿನಲ್ಲಿದ್ದು ನಾನು ಮಾಸ್ತರಿಕೆಯ ತರಬೇತಿ ಪಡೆಯುತ್ತಿದ್ದೆ, ರಜೆಗೆ ಮಾತ್ರ ಊರಿಗೆ ಹೋಗುತ್ತಿದ್ದೆ. ಅವ್ವನ ಕತ್ತಿನಲ್ಲಿ, ಕಿವಿಯ ಕೆಳಗೆ, ಒಂದು ಗಂಟು ಎದ್ದಿತ್ತು. ಅದು ನಿಂಬೆಹಣ್ಣಿನಷ್ಟಾದ ಮೇಲೆ ರಾಯಚೂರಿನ ಡಾಕ್ಟರು ಹೈದರಾಬಾದಿನ ದೊಡ್ಡ ದವಾಖಾನೆಗೆ ಬರೆದುಕೊಟ್ಟರು. ಕಾಕಾನೂ ನಮ್ಮ ಜೊತೆ ಬಂದ.

ಕ್ಯಾನ್ಸರ್ ಎಂದರು. ಆದರೆ ಒಂದು ದಾರಿ ಇದೆ ಎಂದೂ ಅಂದರು. ಕಿವಿಗೆ ಕೇಳಿಸದ ಶಬ್ದವೊಂದಿದೆಯಂತೆ. ಅದರ ಅಲೆಗಳನ್ನು ಗಂಟಿಗೆ ಗುರಿಯಿಟ್ಟು ಬಿಟ್ಟರೆ ಗಂಟು ಒಳಗೊಳಗೇ ಕಾಯುತ್ತದೆ, ಕಾದ ಕ್ಯಾನ್ಸರ್ ಕಣ ಸೊರಗುತ್ತದೆ, ಅದರ ಬೆನ್ನಿಗೇ ನಮ್ಮ ಜನ ಕರೆಂಟ್ ಅನ್ನುವ ರೇಡಿಯೇಷನ್ ಕೊಟ್ಟರೆ ಬೇಗ ಸಾಯುತ್ತದೆ. ಮೇಲಿನ ಚರ್ಮಕ್ಕೆ ಬಿಸಿ ತಾಗದಂತೆ ನಡುವೆ ತಣ್ಣೀರಿನ ಚೀಲ ಇಡುತ್ತಾರೆ. ಹೊಸ ಪದ್ಧತಿ, ಇನ್ನೂ ಪರೀಕ್ಷೆ ನಡೆದಿದೆ, ಗ್ಯಾರಂಟಿ ಕೊಡಲಾರೆ, ಆದರೂ ಮಾಡಿ ನೋಡೋಣ ಎಂದರು ಡಾಕ್ಟರು. ಮಷೀನಿಗೆ ಸರದಿ ಇತ್ತು. ತಿಂಗಳು ಬಿಟ್ಟು ಬನ್ನಿ, ಅಲ್ಲಿಯತನಕ ಕತ್ತಿಗೆ ಏನೂ ಹಚ್ಚಬೇಡಿ, ಚರ್ಮ ಜೋಪಾನ ಎಂದು ಒತ್ತಿ ಹೇಳಿದರು.

ವಾಪಸು ಬರುವಾಗ ರೈಲಿನಲ್ಲಿ ಅವ್ವ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. “ಸಪ್ಪಳಕ್ಕ ಗಂಟು ಕರಗತದಂದ್ರ, ನಿಮ್ಮ ಕಾಕಿ ಬಾಯಿಗೇ ಇದು ಯಾವಾಗೋ ಕರಗಬೇಕಿತ್ತಲ್ಲೇ!” ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು. ಅವ್ವ ಹಾಗೆ ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಡಾಕ್ಟರು ಅಷ್ಟೆಲ್ಲ ಹೇಳಿದ್ದರಲ್ಲಿ ಕಾಕಾ ಹಿಡಿದುಕೊಂಡು ಬಂದದ್ದು ಒಂದೇ ಮಾತು, ಶಾಖ. ನಮ್ಮ ಕಡೆ ಕಾಮಾಲೆಗೂ ಬರೆ, ಕೂಸಿನ ಹೊಟ್ಟೆ ಉಬ್ಬಿದರೂ ಬರೆ. ಕುಡುಗೋಲಿನ ತುದಿಯನ್ನು ಕುಳ್ಳಿನ ಕೆಂಡದಲ್ಲಿ ಕೆಂಪಗೆ ಕಾಯಿಸಿ ಚುರ್ ಎನ್ನಿಸುತ್ತಾರೆ. ನನ್ನ ಹೊಟ್ಟೆಯ ಮೇಲೂ ಒಂದಿದೆ. ನಾನು ಹಾಸ್ಟೆಲಿಗೆ ಹೋದ ಮೇಲೆ ಕಾಕಾ ಅವ್ವನನ್ನು ಮಾನ್ವಿ ತಾಲೂಕಿಗೆ, ಕುರ್ಡಿಯ ಆಚೆ ಬರೆ ಹಾಕುವವನೊಬ್ಬನ ಹತ್ತಿರ ಕರೆದುಕೊಂಡು ಹೋದ. ಗಂಟನ್ನು ಇಲ್ಲೇ ಕಾಯಿಸಿಕೊಂಡು ಹೋದರೆ ಡಾಕ್ಟರ ಅರ್ಧ ಕೆಲಸ ಹಗುರಾಯಿತು ಎಂಬುದು ಕಾಕಾನ ಲೆಕ್ಕ.

ದಸರಾ ರಜೆಗೆ ಮನೆಗೆ ಬಂದರೆ ಅವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕತ್ತಿನ ಗಂಟಿನ ಮೇಲೆ ಅಡ್ಡಡ್ಡ ಬರೆಗಳು, ಒಡೆದು ಕೀವಾಗಿ, ಮೇಲೆ ಅರಿಷಿಣ ಮತ್ತು ಬೂದಿ ಮೆತ್ತಿಕೊಂಡಿದ್ದವು. ಓಣಿಗೆಲ್ಲ ಕೇಳುವಂತೆ ನಾನು ಕಿರುಚಾಡಿದೆ. ಕಾಕಾ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ.

“ಡಾಕ್ಟರ್ ಹೇಳಿದ್ದನ್ನ ಮಾಡೀವಿ. ಶಾಖ ಕೊಟ್ಟು ಆಮ್ಯಾಲೆ ಕರೆಂಟ್ ಇಡತೀನಿ ಅಂದಿಲ್ಲೇನು ಅವ?”

“ಒಳಗ ಕಾಸಬೇಕು ಕಾಕಾ! ಚರ್ಮ ಸುಡು ಅಂತ ಯಾರ ಹೇಳಿದ್ರು?”

“ಶಾಖ ಶಾಖಾನ. ಅಲ್ಲಿದು ಬ್ಯಾರೆ, ಇಲ್ಲಿದು ಬ್ಯಾರೆ ಇರತದೇನು? ನಾಕಕ್ಷರ ಕಲ್ತೀ ಅಂತ ಭಾಳ ಹಾರಾಡಬ್ಯಾಡ.”

ಅರಿಯದ ತಪ್ಪು ಎಂದು ಊರವರು ಅವನನ್ನು ಕ್ಷಮಿಸಿದರು. ನಾನು ಕ್ಷಮಿಸಿಲ್ಲ. ಅರಿಯದವನು ಅರಿತವರನ್ನು ಕೇಳಬೇಕು. ಅವನಿಗೆ ಕೇಳುವ ರೂಢಿಯೇ ಇರಲಿಲ್ಲ.

ಹೈದರಾಬಾದಿನಲ್ಲಿ ಡಾಕ್ಟರು ಪಟ್ಟಿ ಬಿಚ್ಚಿ ನೋಡಿದವರೇ ಕೆಂಪಗಾದರು. ಯಾರು ಮಾಡಿದ್ದು ಎಂದು ಗದರಿದರು. ಕಾಕಾ ಕಿಟಕಿಯ ಕಡೆ ನೋಡುತ್ತ ನಿಂತ. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನನ್ನ ಕೈಯನ್ನು ಗಟ್ಟಿಯಾಗಿ ಹಿಸುಕಿ, ತನ್ನ ಅರೆಬರೆ ಉರ್ದುವಿನಲ್ಲಿ, ಮೆಣಸಿನಕಾಯಿ ಕರಿಯುವಾಗ ಎಣ್ಣೆ ಸಿಡಿಯಿತು ಸಾಹೇಬರೇ ಅಂದಳು. ಎಣ್ಣೆ ಗೆರೆ ಎಳೆದಂತೆ ಸಿಡಿಯುತ್ತದೆಯೇ? ಡಾಕ್ಟರು ನಂಬಲಿಲ್ಲ. ಆದರೂ ಅವರ ಬೈಗುಳವೆಲ್ಲ ನಮ್ಮಿಬ್ಬರಿಗೇ ಬಿತ್ತು. ಹಸಿ ಗಾಯದ ಮೇಲೆ ಶಬ್ದದ ಯಂತ್ರ ಇಡಲಾಗದು, ಈ ಚರ್ಮ ರೇಡಿಯೇಷನ್ನನ್ನೂ ತಾಳಲಾರದು, ಮಾಯಲಿ ಎಂದು ವಾಪಸು ಕಳಿಸಿದರು.

ಗಾಯ ನಿಧಾನವಾಗಿ ಮಾಯಿತು. ಗಂಟು ಕಾಯಲಿಲ್ಲ. ಮತ್ತೆ ಹೋಗುವ ಹೊತ್ತಿಗೆ ಅದು ಗಂಟಲಿನ ತನಕ ಇಳಿದಿತ್ತು. ಶಬ್ದದ ಚಿಕಿತ್ಸೆಗೆ ಇನ್ನು ಅರ್ಥವಿಲ್ಲ ಎಂದು, ನಾಲ್ಕು ಗುಟುಕು ಗಂಜಿ ಇಳಿಯಲಿ ಎಂದಷ್ಟೇ ರೇಡಿಯೇಷನ್ ಕೊಟ್ಟರು. ಆ ಯಂತ್ರ ಅವ್ವನ ಮೈಯನ್ನು ಒಂದು ಸಲವೂ ಮುಟ್ಟಲಿಲ್ಲ.

ಊರಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನನಗೆ ಅವ್ವನ ಮೇಲೂ ಸಿಟ್ಟಿತ್ತು, ಕೇಳಿಯೇಬಿಟ್ಟೆ. “ಯಾಕ ಸುಳ್ಳು ಹೇಳಿದಿ? ಅವನ ಮರ್ಯಾದಿ ಕಟಗೊಂಡು ನಿನಗೇನಾಗಬೇಕಿತ್ತು?”

ಆಗ ಅವ್ವನಿಗೆ ಧ್ವನಿ ಉಳಿದಿರಲಿಲ್ಲ, ಬರೀ ಉಸಿರು. ನಾನು ಬಾಯಿಯ ಹತ್ತಿರ ಕಿವಿ ಒಯ್ದೆ.

“ನಾ ಹೋಗಾಕಿ. ನೀ ಅವರ ಮನ್ಯಾಗ ಇರಬೇಕಲ್ಲ, ಯವ್ವಾ.”

ಅವ್ವ ತೀರಿಕೊಂಡು ದಿನಕರ್ಮ ಮುಗಿದ ಮೇಲೆ, ನನಗೆ ನೌಕರಿ ಸಿಗುವತನಕ, ರಜೆಗೆ ಹೋದಾಗಲೆಲ್ಲ ಕಾಕಾನ ತಾಟಿಗೆ ಬಿಸಿರೊಟ್ಟಿ ಹಾಕಿದವಳು ನಾನೇ.