ಪಂಕ್ತಿಯಲ್ಲಿ ಬಿದ್ದ ಹನಿ

ನನ್ನ ಕಂಕುಳು ಬೆವರುತ್ತದೆ. ಕರಾವಳಿಯಲ್ಲಿ ಯಾರ ಕಂಕುಳು ಬೆವರುವುದಿಲ್ಲ ಎಂದು ನೀವು ಕೇಳಬಹುದು; ನಾನು ಹೇಳಿಕೊಂಡವರಿಗೆಲ್ಲ ಹೊಳೆದದ್ದು ಅದೇ ಪ್ರಶ್ನೆ. ಆದರೆ ಹೊನ್ನಾವರದ ಸೆಕೆಗೆ ಬೆವರುವುದು ಬೇರೆ, ಡಿಸೆಂಬರಿನ ಬೆಳಿಗ್ಗೆ ಫ್ಯಾನಿನ ಕೆಳಗೆ ಸುಮ್ಮನೆ ಕೂತವನ ಅಂಗಿ ಪಕ್ಕೆಯ ತನಕ ತೊಯ್ದು ಹೋಗುವುದು ಬೇರೆ. ಮೀಸೆ ಮೂಡುವ ಹೊತ್ತಿಗೆ ಶುರುವಾದದ್ದು, ತಲೆ ನರೆತರೂ ನಿಂತಿಲ್ಲ. ಮುಖ ಬೆವರುವುದಿಲ್ಲ, ಬೆನ್ನು ಅಷ್ಟಾಗಿ ಇಲ್ಲ, ಕಂಕುಳು ಮಾತ್ರ. ಈಗ ಅದರ ಬಗ್ಗೆ ದುಃಖವೇನೂ ಇಲ್ಲ. ದಿನಾ ಹಲ್ಲುಜ್ಜುವವನಿಗೆ ಹಲ್ಲುಜ್ಜುವುದರ ಬಗ್ಗೆ ಎಷ್ಟು ಭಾವನೆ ಇರುತ್ತದೋ ಅಷ್ಟೇ.

ಭಟ್ಕಳದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹೊನ್ನಾವರದಿಂದ ದಿನಾ ಬಸ್ಸು. ಸೀಟು ಸಿಕ್ಕರೆ ಬದುಕಿದೆ. ಸಿಗದಿದ್ದರೆ ಮೇಲಿನ ಕಂಬಿ ಹಿಡಿಯಬೇಕು, ಹಿಡಿದರೆ ಕೂತವರ ಮೂಗಿನ ಎದುರಿಗೇ ನನ್ನ ಒದ್ದೆ ತೋಳು. ಹಾಗಾಗಿ ಸೀಟಿನ ಬೆನ್ನು ಹಿಡಿದು ಅರ್ಧ ಬಾಗಿ ನಿಲ್ಲುವುದನ್ನು ಕಲಿತಿದ್ದೇನೆ. ನೋಡಿದವರು ಸೊಂಟ ಹಿಡಿದಿದೆ ಅಂದುಕೊಳ್ಳುತ್ತಾರೆ. ಬೋರ್ಡಿನ ಮೇಲ್ಭಾಗದಲ್ಲಿ ನಾನು ಬರೆಯುವುದಿಲ್ಲ. ನನ್ನ ಸಮೀಕರಣಗಳೆಲ್ಲ ಎದೆಯ ಮಟ್ಟದಿಂದ ಕೆಳಗೆ. ಹಿಂದಿನ ಬೆಂಚಿನವರು ಕಾಣುವುದಿಲ್ಲ ಎಂದು ಗೊಣಗಿದರೆ ಎದ್ದು ನಿಂತು ನೋಡಿ ಅನ್ನುತ್ತೇನೆ. ಅಂಗಿಗಳು ಬಿಳಿ, ಇಲ್ಲವೇ ಕಡುನೀಲಿ. ಬೂದು ಬಣ್ಣದ ಅಂಗಿಯನ್ನು ಯಾರಾದರೂ ಉಡುಗೊರೆ ಕೊಟ್ಟರೆ ಅವರ ಮೇಲೆ ನನಗೆ ಸಣ್ಣ ಸಿಟ್ಟು ಬರುತ್ತದೆ.

ಉರ್ದು ಕಲಿಸುವ ನನ್ನ ಸಹೋದ್ಯೋಗಿಯೊಬ್ಬರ ಅಣ್ಣತಮ್ಮಂದಿರೆಲ್ಲ ದುಬೈಯಲ್ಲಿ. ಅವರು ಪ್ರತಿ ರಜೆಯ ನಂತರ ನನಗೊಂದು ಸೆಂಟಿನ ಬಾಟಲಿ ತಂದುಕೊಡುತ್ತಿದ್ದರು. "ಇದು ಬಹಳ ಸ್ಟ್ರಾಂಗ್ ಉಂಟು, ಮಾಸ್ತರೆ" ಎಂದು ಕಪಾಟಿನ ಮರೆಗೆ ಕರೆದು ಕೊಡುವಷ್ಟು ಮರ್ಯಾದಸ್ಥರು. ನನ್ನದು ವಾಸನೆಯ ಸಮಸ್ಯೆ ಅಲ್ಲ, ನೀರಿನ ಸಮಸ್ಯೆ ಎಂದು ಅವರಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಬಾಟಲಿಗಳು ಮನೆಯಲ್ಲಿ ಸಾಲಾಗಿ ನಿಂತವು. ಬೆವರು ಬೇರೆ, ವಾಸನೆ ಬೇರೆ ಎಂದು ಮೊದಲು ಬಾಯಿಬಿಟ್ಟು ಹೇಳಿದವರು ಕುಮಟೆಯ ಚರ್ಮದ ಡಾಕ್ಟರು. ಬಾಯಲ್ಲಿ ಉರುಳುವ ಗುಂಡು ಇರುವ, ರೋಲ್-ಆನ್ ಎನ್ನುವ ಔಷಧಿಯ ಒಂದು ಸಣ್ಣ ಬಾಟಲಿ ಬರೆದುಕೊಟ್ಟು, ಅದನ್ನು ಸೆಂಟಿನ ಹಾಗೆ ಬೆಳಿಗ್ಗೆ ಸ್ನಾನ ಮಾಡಿ ಬಂದು ಹಚ್ಚಬೇಡಿ ಎಂದರು. ರಾತ್ರಿ ಮಲಗುವಾಗ, ಪೂರ್ತಿ ಒಣಗಿದ ಚರ್ಮಕ್ಕೆ, ತೆಳ್ಳಗೆ, ಬೆಳಿಗ್ಗೆ ತೊಳೆದುಬಿಡಬೇಕು. ಮೊದಲು ದಿನಾ, ಹಿಡಿತಕ್ಕೆ ಬಂದ ಮೇಲೆ ವಾರಕ್ಕೆ ಒಂದೆರಡು ಸಲ. ಕೂದಲು ಬೋಳಿಸಿದರೆ ಒಂದೆರಡು ದಿನ ಮುಟ್ಟಬಾರದು, ಉರಿಯುತ್ತದೆ. ಇಂಜೆಕ್ಷನ್ ಕೂಡ ಇದೆ, ಆದರೆ ಕೆಲವು ತಿಂಗಳಿಗೆ ಅದರ ಗುಣ ಇಳಿಯುತ್ತದೆ, ಮತ್ತೆ ಚುಚ್ಚಿಸಿಕೊಳ್ಳಬೇಕು ಎಂದರು. ಅದು ನನಗೆ ಬೇಡವೆನಿಸಿತು. ಔಷಧಿ ಹಚ್ಚಿದರೆ ಪೂರ್ತಿ ನಿಲ್ಲುವುದಿಲ್ಲ. ಹರಿಯುವುದು ನಿಂತು ಪಸೆ ಉಳಿಯುತ್ತದೆ. ಅಷ್ಟಾದರೂ ಆಯಿತಲ್ಲ.

ಔಷಧಿಗೆ ಮೊದಲು ಇದ್ದವಳು ಆಯಿ, ಅಂದರೆ ನನ್ನ ತಾಯಿ. ಅಪ್ಪನ ಹಳೆಯ ಪಂಚೆಗಳನ್ನು ಅರ್ಧಚಂದ್ರದ ಆಕಾರಕ್ಕೆ ಕತ್ತರಿಸಿ, ನಾಲ್ಕು ಪದರ ಹೊಲಿದು, ಅಂಗಿಯ ಒಳಗೆ ಕಂಕುಳಿನ ಜಾಗಕ್ಕೆ ಟಿಚ್ ಬಟನ್ನಿನಿಂದ ಸಿಕ್ಕಿಸುವ ಹಾಗೆ ಮಾಡಿಕೊಡುತ್ತಿದ್ದಳು. ಹೊಸ ಬಟ್ಟೆ ನೀರು ಕುಡಿಯುವುದಿಲ್ಲ, ಹಳೆಯದೇ ಆಗಬೇಕು ಎಂಬುದು ಅವಳು ಕಂಡುಕೊಂಡದ್ದು. ಹಿತ್ತಿಲ ತಂತಿಯ ಮೇಲೆ ಸಾಲಾಗಿ ಒಣಗುತ್ತಿದ್ದ ಆ ತುಂಡುಗಳನ್ನು ನೋಡಿ ಪಕ್ಕದ ಮನೆಯ ಕೊಂಕಣಿ ಹೆಂಗಸು ಇದೆಂತದು ಎಂದು ಕೇಳಿದಾಗ, ಬಿಸಿಪಾತ್ರೆ ಇಳಿಸಲು ಎಂದು ಹೇಳಿಬಿಟ್ಟಳು. ಆ ಹೆಂಗಸು ಚೆನ್ನಾಗಿದೆ, ನನಗೂ ನಾಲ್ಕು ಹೊಲಿದುಕೊಡಿ ಎಂದಳು. ಆಯಿ ಹೊಲಿದೂ ಕೊಟ್ಟಳು. ಅವರ ಮನೆಗೆ ಹೋದಾಗ ಚಹಾದ ಪಾತ್ರೆ ಅದರ ಮೇಲೆ ಕೂತದ್ದನ್ನು ಕಂಡು ಬಂದು, ಅಡುಗೆಮನೆಯಲ್ಲಿ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಾನೂ ನಕ್ಕೆ. ನನಗೆ ಮದುವೆಯಾಗಿಲ್ಲ, ಒಡಹುಟ್ಟಿದವರಿಲ್ಲ, ಅಪ್ಪ ಬೇಗ ಹೋದ. ಈ ವಿಷಯದಲ್ಲಿ ನಗಲು ಇದ್ದವರು ನಾವಿಬ್ಬರೇ.

ನಮ್ಮವರಲ್ಲಿ ಊಟ ಬಡಿಸುವುದು ದೊಡ್ಡ ಸಂಗತಿ. ಮದುವೆಯಿರಲಿ, ತಿಥಿಯಿರಲಿ, ಸಂಬಂಧಿಕರಾದ ಗಂಡಸರು ಅಂಗಿ ಕಳಚಿ, ಹೆಗಲ ಮೇಲಿನ ಶಾಲ್ಯವನ್ನು ಸೊಂಟಕ್ಕೆ ಬಿಗಿದು, ಪಂಕ್ತಿಯಲ್ಲಿ ಕೂತವರಿಗೆ ಬಾಗಿ ಬಾಗಿ ಬಡಿಸಬೇಕು. ಬಡಿಸಲು ಬಾರದವನು ಒಂದೋ ಸೋಮಾರಿ, ಇಲ್ಲವೇ ಜಂಬದವನು. ಆದರೆ ಬರಿಮೈಯಲ್ಲಿ ಪಂಚೆಯ ತುಂಡು ಎಲ್ಲಿಗೆ ಸಿಕ್ಕಿಸುವುದು? ಬಾಗಿದರೆ ಕಂಕುಳಿನ ನೀರು ತೋಳಿನ ಒಳಬದಿಗೆ ಇಳಿದು ಮೊಣಕೈಗೆ ಬರುತ್ತದೆ, ಮೊಣಕೈಯಿಂದ ನೇರ ಬಾಳೆಲೆಗೆ. ಒಬ್ಬರ ಎಲೆಯ ಮೇಲೆ ಬೆವರು ಬಿದ್ದರೆ ಅವರು ಎದ್ದುಹೋಗಬೇಕಾದೀತು. ಅದನ್ನು ತಪ್ಪಿಸಲು ಆಯಿ ಒಂದು ಸುಳ್ಳು ಹುಟ್ಟಿಸಿದ್ದಳು. ಯಾರಾದರೂ ನನ್ನ ಕೈಗೆ ಬಾಲ್ದಿ ಕೊಡಲು ಬಂದರೆ ಎಲ್ಲಿದ್ದರೂ ಓಡಿ ಬಂದು, "ಅವಂಗೆ ಭುಜ ನೋವು ಇದ್ದು, ಬಡಿಸಲೆ ಆಗ್ತಿಲ್ಲೆ" ಅನ್ನುತ್ತಿದ್ದಳು. ಬರಬರುತ್ತ ಇಡೀ ನೆಂಟರಿಷ್ಟರಿಗೆ ನನ್ನ ಭುಜ ಪ್ರಸಿದ್ಧವಾಯಿತು. ಇಡಗುಂಜಿಯಲ್ಲಿ ಸಿಕ್ಕ ದೂರದ ಸಂಬಂಧಿಯೊಬ್ಬರು ಗಣಪತಿಗೆ ಕೈಮುಗಿದು ಹೊರಬರುತ್ತಲೇ ನನಗೊಂದು ಎಣ್ಣೆಯ ಹೆಸರು ಹೇಳಿದ್ದರು.

ಈ ವರ್ಷದ ಬೇಸಿಗೆ ರಜೆಯಲ್ಲಿ ಆಯಿ ತೀರಿಕೊಂಡಳು. ಬೆಳಗಿನ ಕಷಾಯ ಕುಡಿದು ಲೋಟ ಕೆಳಗಿಟ್ಟು ಕುರ್ಚಿಯಲ್ಲಿ ಒರಗಿದವಳು ಏಳಲಿಲ್ಲ. ನಾನು ಡಾಕ್ಟರಿಗೆ ಫೋನು ಮಾಡಿದೆ, ಪುರೋಹಿತರಿಗೆ ಫೋನು ಮಾಡಿದೆ, ಕುಮಟೆಯಲ್ಲಿರುವ ಅವಳ ತಂಗಿಗೆ ಫೋನು ಮಾಡಿದೆ. ಎಲ್ಲರಿಗೂ ಒಂದೇ ದನಿಯಲ್ಲಿ ಹೇಳಿದೆ. ಚಿಕ್ಕಮ್ಮ ಗೇಟಿನಿಂದಲೇ ಅಳುತ್ತ ಬಂದವಳು ನನ್ನ ಮುಖ ನೋಡಿ ಒಂದು ಕ್ಷಣ ಅಳು ನಿಲ್ಲಿಸಿದಳು. ನನಗೆ ಅಳು ಬಂದಿರಲಿಲ್ಲ. ಚಿತೆಗೆ ಬೆಂಕಿ ಕೊಟ್ಟಾಗಲೂ ಬರಲಿಲ್ಲ. ಎದೆಯೊಳಗೆ ಏನೂ ಅಲುಗಲಿಲ್ಲ. ಮುಂದಿನ ಕೆಲಸ ಯಾವುದು ಎಂದು ಮಾತ್ರ ಹೊಳೆಯುತ್ತಿತ್ತು. ಬಂದವರು ಕಣ್ಣು ನೋಡುತ್ತಿದ್ದರು. ಕಂಕುಳನ್ನು ಯಾರೂ ನೋಡಲಿಲ್ಲ, ಅದು ಧಾರಾಕಾರ ಸುರಿಯುತ್ತಿತ್ತು.

"ಒಂದು ಹನಿ ಕಣ್ಣೀರು ಇಲ್ಲೆ ಮಾರಾಯ್ತಿ, ಎಂತ ಕಲ್ಲು ಮನಸ್ಸು" ಎಂದು ಬಚ್ಚಲಿನ ಪಕ್ಕ ಯಾರೋ ಹೇಳಿದ್ದು ಕೇಳಿಸಿತು. ನನಗೆ ಸಿಟ್ಟು ಬರಲಿಲ್ಲ. ನನಗೂ ಹಾಗೇ ಅನ್ನಿಸಿತ್ತು.

ಕ್ರಿಯೆಯ ದಿನಗಳು ಒಂದು ರೀತಿಯಲ್ಲಿ ಸುಲಭವಾಗಿದ್ದವು. ಮಿಂದು ಒದ್ದೆ ಬಟ್ಟೆಯಲ್ಲೇ ಕೂರುವುದು. ಒದ್ದೆಯವನ ಮೈಮೇಲೆ ಯಾವುದು ಬಾವಿಯ ನೀರು, ಯಾವುದು ಬೆವರು ಎಂದು ಯಾರು ಕೇಳುತ್ತಾರೆ? ಔಷಧಿಯ ಬಾಟಲಿಯನ್ನು ಕಪಾಟಿನಿಂದ ಹೊರಗೆ ತೆಗೆಯಲಿಲ್ಲ. ಹತ್ತನೇ ದಿನ ಕ್ಷೌರವಾಯಿತು. ಪುರೋಹಿತರ ಪದ್ಧತಿಯಲ್ಲಿ ತಲೆ, ಮೀಸೆಯ ಜೊತೆಗೆ ಕಂಕುಳೂ ಸೇರಿತ್ತು. ಕ್ಷೌರಿಕ ಕೈ ಎತ್ತಿ ಎಂದಾಗ ಎತ್ತಿದೆ. ಕತ್ತಿ ಜಾರಿತು, ಅವನು ಬಟ್ಟೆಯಲ್ಲಿ ಒರೆಸಿದ, ಮತ್ತೆ ಜಾರಿತು, ಮತ್ತೆ ಒರೆಸಿದ. "ಸೆಕೆ ಭಾರೀ ಅದೆ" ಎಂದ. ಒಳ್ಳೆಯ ಮನುಷ್ಯ.

ಆ ಸಂಜೆ ಪುರೋಹಿತರು ಹೊರಡುವಾಗ, ಹದಿಮೂರನೇ ದಿನದ ಸಮಾರಾಧನೆಯ ಊಟಕ್ಕೆ ಮಗನೇ ಕೈಯಾರೆ ಒಂದು ಸುತ್ತು ಪಾಯಸ ಬಡಿಸಬೇಕು, ಅದು ನಿಮ್ಮ ಮನೆಯ ಕ್ರಮ ಎಂದರು. ನಾನು ಆಗಲಿ ಅಂದೆ. ಆ ದಿನಗಳಲ್ಲಿ ನನಗೆ ಬೇಕು ಅನ್ನಿಸಿದ್ದು ಇದೊಂದೇ. ಅತ್ತವನಲ್ಲ; ಬಡಿಸುವುದನ್ನಾದರೂ ಸರಿಯಾಗಿ ಮಾಡಬೇಕು, ಅವಳ ಹೆಸರಿನ ಊಟದಲ್ಲಿ ಯಾರ ಎಲೆಗೂ ಒಂದು ಹನಿ ಬೀಳಬಾರದು. ಮಲಗುವ ಮೊದಲು ಬಾಟಲಿ ತೆಗೆದು ಎರಡೂ ಕಡೆ ಹಚ್ಚಿಕೊಂಡೆ. ಬೋಳಿಸಿದ ಚರ್ಮಕ್ಕೆ ಹಚ್ಚಬಾರದು ಎಂಬುದು ನೆನಪಿಗೆ ಬರುವಷ್ಟರಲ್ಲಿ ಮೆಣಸು ಅರೆದು ಹಚ್ಚಿದ ಹಾಗೆ ಉರಿ ಹತ್ತಿತು. ತೊಳೆದರೂ ಹೋಗಲಿಲ್ಲ. ಬೆಳಿಗ್ಗೆ ಎರಡೂ ಕಂಕುಳು ಕೆಂಪಾಗಿ ದದ್ದು ಎದ್ದಿತ್ತು. ಇನ್ನು ಔಷಧಿಯ ಮಾತಿಲ್ಲ, ಪೌಡರಿನ ಮಾತೂ ಇಲ್ಲ. ಆ ಉರಿಗೂ ನನಗೆ ಕಣ್ಣೀರು ಬರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು.

ಸಮಾರಾಧನೆಯ ಊಟ ನಮ್ಮ ಟೆರೇಸಿನ ಮೇಲೆ, ತಗಡಿನ ಮಾಡಿನ ಕೆಳಗೆ. ಬಾಡಿಗೆ ಫ್ಯಾನುಗಳು ಬಿಸಿಗಾಳಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತಿದ್ದವು. ನಾನು ಶಾಲ್ಯ ಬಿಗಿದು ಪಾಯಸದ ಬಾಲ್ದಿಗೆ ಕೈ ಹಾಕುತ್ತಿದ್ದಂತೆ ಚಿಕ್ಕಮ್ಮ ಅಡ್ಡ ಬಂದಳು.

"ನೀನು ಬಡಿಸಡ ತಮಾ. ಭುಜ ನೋವು ಇದ್ದಲಿ ನಿಂಗೆ. ಬರೀ ಸೌಟು ಮುಟ್ಟಿ ಕೊಡು, ಆತು."

ಆಯಿಯ ಸುಳ್ಳು ಅವಳಿಲ್ಲದೆಯೂ ಓಡಿ ಬಂದಿತ್ತು. ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಈಗ ನೋವು ಇಲ್ಲೆ" ಅಂದೆ.

ಮೊದಲ ಸಾಲು ದಾಟಿತು. ಎಡತೋಳನ್ನು ಪಕ್ಕೆಗೆ ಒತ್ತಿ ಬಾಲ್ದಿ ಹಿಡಿದಿದ್ದೆ. ಬಲಗೈಯನ್ನು ಆದಷ್ಟು ಮೈಯಿಂದ ದೂರ ಚಾಚಿ, ಬಡಿಸಿದ ಕೂಡಲೇ ಹಿಂದೆ ಎಳೆದುಕೊಳ್ಳುತ್ತಿದ್ದೆ. ನೀರು ಪಕ್ಕೆಯಲ್ಲಿ ಇಳಿದು ಪಂಚೆಯ ಗಂಟಿಗೆ ಸೇರುತ್ತಿತ್ತು. ಅಲ್ಲಿಗೆ ಸೇರಲಿ. ಎರಡನೇ ಸಾಲಿನ ಕೊನೆಯಲ್ಲಿ ಆಯಿಯ ತವರಿನ ಹಿರಿಯರೊಬ್ಬರು ಕೂತಿದ್ದರು, ಎಲ್ಲರೂ ದೊಡ್ಡಪ್ಪ ಎಂದು ಕರೆಯುವವರು. ಕಿವಿ ಚುರುಕು, ಕಣ್ಣು ಮಂದ. ಅವರಿಗೆ ಪಾಯಸ ಹಾಕಿ ಮುಂದೆ ಸರಿಯುತ್ತಿದ್ದವನನ್ನು "ಇನ್ನೊಂಚೂರು ಹಾಕು" ಎಂದು ಕರೆದರು. ತಿರುಗಿ ಬಾಗಿದೆ. ಮೊಣಕೈಯಿಂದ ಹನಿ ಬಿತ್ತು. ಅವರ ಎಲೆಯ ಅಂಚಿಗೆ, ಉಪ್ಪಿನಕಾಯಿಯ ಪಕ್ಕಕ್ಕೆ, ಟಪ್ ಎಂದು ಸದ್ದು ಮಾಡಿಯೇ ಬಿತ್ತು.

ದೊಡ್ಡಪ್ಪ ಬೆರಳ ತುದಿಯಿಂದ ಎಲೆಯನ್ನು ಸವರಿ ನೋಡಿದರು. ಆಮೇಲೆ ತಲೆ ಎತ್ತಿ ನನ್ನ ಮುಖ ಇರುವ ಕಡೆ ನೋಡಿದರು.

"ಅಳಡ ತಮಾ" ಎಂದರು. "ಅಳಡ. ಪುಣ್ಯವಂತೆ ಅವಳು."

"ಎಲೆ ಬದಲು ಮಾಡ್ತೆ ದೊಡ್ಡಪ್ಪ" ಅಂದೆ. ದನಿ ನಡುಗಿತು, ಹೆದರಿಕೆಯಿಂದ.

"ಬ್ಯಾಡ ಬ್ಯಾಡ. ಹೆತ್ತ ತಾಯಿಗೆ ಹಾಕಿದ ಕಣ್ಣೀರಲ್ಲಿ ಎಂತ ಮೈಲಿಗೆ ಇದ್ದು?" ಎಂದು ದೊಡ್ಡಪ್ಪ ಪಾಯಸವನ್ನು ಆ ಅಂಚಿಗೇ ಎಳೆದು, ಹನಿಯ ಸಮೇತ ಬಳಿದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ನುಂಗಿದರು. "ಪಾಯಸ ಚೊಲೋ ಆಯ್ದು" ಎಂದರು.

ಸಾಲಿನಲ್ಲಿದ್ದವರ ಕೈಗಳು ನಿಂತವು. ಅಂತೂ ಅತ್ತ ಎಂದು ಯಾರೋ ಪಿಸುಗುಟ್ಟಿದರು. ಆ ಮಾತು ಸಾಂಬಾರಿನವನಿಗಿಂತ ಬೇಗ ಪಂಕ್ತಿಯ ಆ ತುದಿ ಮುಟ್ಟಿತು. ಚಿಕ್ಕಮ್ಮ ಬಂದು ಬಾಲ್ದಿ ಇಸಿದುಕೊಂಡಳು. ಅವಳ ಮುಖದಲ್ಲಿ ಎಷ್ಟು ಸಮಾಧಾನ ಇತ್ತೆಂದರೆ, ಅಷ್ಟೂ ದಿನ ಅವಳು ನನಗಾಗಿ ನಾಚಿಕೆಪಟ್ಟಿದ್ದಳು ಎಂದು ಅದನ್ನು ನೋಡಿಯೇ ತಿಳಿಯಿತು. "ಸಾಕು, ಕೆಳಗೆ ಹೋಗಿ ಮುಖ ತೊಳಕಂಡು ಬಾ" ಎಂದು ನನ್ನ ಬೆನ್ನು ಸವರಿದಳು. ಒಣಗಿದ ಮುಖ ಹೊತ್ತುಕೊಂಡು ನಾನು ಮೆಟ್ಟಿಲು ಇಳಿದೆ.

ನಡುಮೆಟ್ಟಿಲಿಗೆ ಬರುವಷ್ಟರಲ್ಲಿ ನನಗೆ ನಗು ಬಂತು. ಪಾಯಸ ಚೊಲೋ ಆಯ್ದು ಅಂದರಲ್ಲ! ಬಾಯಿಗೆ ಕೈ ಅಡ್ಡ ಹಿಡಿದು ಉಳಿದ ಮೆಟ್ಟಿಲುಗಳನ್ನು ಬೇಗ ಬೇಗ ಇಳಿದೆ. ದೊಡ್ಡಪ್ಪ ಕಣ್ಣು ಮುಚ್ಚಿದ್ದನ್ನು ಹೇಗೆ ಹೇಳಬೇಕು, ಯಾವುದನ್ನು ಮೊದಲು ಹೇಳಿ ಯಾವುದನ್ನು ಕೊನೆಗೆ ಇಟ್ಟುಕೊಳ್ಳಬೇಕು ಎಂದು ಜೋಡಿಸಿಕೊಳ್ಳುತ್ತ ನಲ್ಲಿಯನ್ನು ದಾಟಿ ನೇರ ಅಡುಗೆಮನೆಗೆ ಹೋದೆ. "ಆಯೀ, ಕೇಳಿದ್ಯಾ" ಎಂದು ಬಾಗಿಲಲ್ಲೇ ಶುರುಮಾಡಿದೆ.

ಒಳಗೆ ಅಡುಗೆಯವರಿದ್ದರು. ಒಬ್ಬರು ಹೋಳಿಗೆ ಬೇಯಿಸುತ್ತಿದ್ದರು, ಇನ್ನೊಬ್ಬರು ಅನ್ನದ ಹಂಡೆ ಬಗ್ಗಿಸುತ್ತಿದ್ದರು. ಇಬ್ಬರೂ ತಿರುಗಿ ನನ್ನ ಕಡೆ ನೋಡಿದರು.

"ಎಂತ ಬೇಕಿತ್ತು ಮಾಸ್ತರೆ?" ಎಂದು ಹೋಳಿಗೆಯವರು ಕೇಳಿದರು.

ಆಯಿ ಸತ್ತುಹೋಗಿದ್ದಾಳೆ ಎಂದು ನನಗೆ ಗೊತ್ತಾದದ್ದು ಆಗ.