ಮುದ್ದೆ ಮೇಲೆ ಎರಡು ತೂತು

ಮೊದಲೇ ಹೇಳಿಬಿಡ್ತೀನಿ, ನಾನು ದೆವ್ವ ಗಿವ್ವ ನಂಬೋನಲ್ಲ. ನಂಬದೇ ಇರೋಕೆ ನನ್ನ ಹತ್ರ ಪುರಾವೆನೇ ಇತ್ತು. ನಮ್ಮೂರು ಮಡಕಶಿರದಿಂದ ರೊಳ್ಳಕ್ಕೆ ಹೋಗೋ ದಾರೀಲಿದೆ. ಪಿತೃಪಕ್ಷದ ಅಮಾಸೆ ದಿನ ನಮ್ಮ ಕಡೆ ಸತ್ತೋರಿಗೆ ಎಡೆ ಇಡ್ತಾರೆ. ಅವರಿಗೆ ಇಷ್ಟ ಇದ್ದದ್ದೆಲ್ಲ ಮಾಡಿ, ಫೋಟೋ ಮುಂದೆ ಬಡಿಸಿ, ಮನೆಮಂದಿ ಎಲ್ಲ ಆಚೆ ಬಂದು ಬಾಗಿಲು ಎಳ್ಕೋತೀವಿ. ಹಿರಿಯರು ಬಂದು ಉಣ್ಣೋವರೆಗೂ, ಅಂದ್ರೆ ಎಲೆಅಡಿಕೆ ಹಾಕ್ಕೊಂಡು ಉಗಿಯೋವಷ್ಟು ಹೊತ್ತು, ಯಾರೂ ಒಳಗೆ ಇಣುಕಬಾರದು. ಆಮೇಲೆ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೀಬೇಕು. ಬುದ್ಧಿ ಬಂದಾಗಿನಿಂದ ನೋಡಿದ್ದೀನಿ, ಎಡೆಯಲ್ಲಿ ಒಂದು ಅಗುಳೂ ಕಮ್ಮಿ ಆಗಿದ್ದಿಲ್ಲ. ಒಂದೇ ಒಂದು ವರ್ಷ ಎರಡು ವಡೆ ಕಮ್ಮಿ ಬಿದ್ದವು. ಅಜ್ಜಿ ಕಣ್ಣಲ್ಲಿ ನೀರು ಹಾಕ್ಕೊಂಡು ಕೈ ಮುಗಿದ್ಲು. ಹಿತ್ತಲ ಕಿಟಕಿಯಿಂದ ಕೈ ಹಾಕಿದ ಆ ಹಿರಿಯರು ನಾನೇ. ಆಗ ನಂಗೆ ಒಂಬತ್ತು ವರ್ಷ.

ಅಂಥೋನು ಜಪಾನಿಗೆ ಬಂದೆ. ವೃದ್ಧಾಶ್ರಮದಲ್ಲಿ ಕೆಲಸ. ಮುದುಕರಿಗೆ ಸ್ನಾನ ಮಾಡ್ಸೋದು, ಬಟ್ಟೆ ಹಾಕೋದು, ಊಟ ಮಾಡ್ಸೋದು. ಬೆಂಗಳೂರಲ್ಲಿ ಎಂಟು ತಿಂಗಳು ಭಾಷೆ ಕಲ್ತು ಬಂದಿದ್ದೆ. ವಿಮಾನ ಇಳಿದ ಮೇಲೆ ಗೊತ್ತಾಯ್ತು, ನಾನು ಕಲ್ತಿದ್ದು ಒಂದೇ ಮಾತು: "ಹಾಯ್." ಅಂದ್ರೆ ಹೌದು ಅಂತ. ಯಾರು ಏನು ಕೇಳಿದ್ರೂ ಹಾಯ್ ಹಾಯ್ ಅಂತಿದ್ದೆ. ಹಿಂಗೇ ಹಾಯ್ ಅಂದು ಒಂದ್ಸಲ ಸತತ ಎರಡು ಪಾಳಿ ಒಪ್ಕೊಂಡೆ, ಇನ್ನೊಂದ್ಸಲ ಕಟಿಂಗ್ ಅಂಗಡೀಲಿ ತಲೆ ಪೂರ್ತಿ ಬೋಳಿಸ್ಕೊಂಡು ಬಂದೆ. ಬಾತ್‌ರೂಮಿನ ಚಪ್ಪಲಿ ಹಾಕ್ಕೊಂಡೇ ಊಟದ ಹಾಲಿಗೆ ಹೋಗಿ ನಲವತ್ತು ಮುದುಕರ ಕೈಲಿ ಒಟ್ಟಿಗೆ ನಗಿಸ್ಕೊಂಡೆ. ಇನ್ನು ಕಸ. ಇಲ್ಲಿ ಕಸಕ್ಕೂ ಟೈಮ್‌ಟೇಬಲ್ ಇರುತ್ತೆ. ಸೋಮವಾರದ ಕಸ ಬುಧವಾರ ಇಟ್ರೆ ತಗೊಂಡು ಹೋಗಲ್ಲ, ಚೀಟಿ ಅಂಟಿಸಿ ಬಿಟ್ಟು ಹೋಗ್ತಾರೆ. ಆರು ತಿಂಗಳು ನನ್ನ ಕಸಕ್ಕೆ ಬಂದಷ್ಟು ಚೀಟಿ ನಮ್ಮೂರ ಪೋಸ್ಟ್‌ಮ್ಯಾನ್ ಹುಟ್ಟಿದಾಗಿನಿಂದ ಹಂಚಿಲ್ಲ.

ನಗೋದೆಲ್ಲ ಇಲ್ಲೀಗೆ ಮುಗೀತು. ನಾನು ಬಂದ ಐದನೇ ತಿಂಗಳಿಗೆ ತಾತ ಹೋಗ್ಬಿಟ್ಟ. ಅಪ್ಪ ನಾನು ಚಿಕ್ಕೋನಿದ್ದಾಗಲೇ ಹೋಗಿದ್ದ, ನನ್ನ ಸಾಕಿದ್ದು ತಾತ ಮತ್ತೆ ಅಜ್ಜಿ. ಹೊಸ ಕೆಲಸ, ರಜಾ ಕೇಳೋಕೆ ಹೆದರಿದೆ. ಮಣ್ಣಿಗೆ ಹೋಗಲಿಲ್ಲ. ಆವತ್ತೂ ಪಾಳಿಗೆ ಹೋದೆ, ಯಾರದೋ ತಾತನಿಗೆ ಚಮಚದಲ್ಲಿ ಗಂಜಿ ಕುಡಿಸಿದೆ. ವರ್ಷ ತುಂಬಿ ಪಿತೃಪಕ್ಷ ಬಂತು. ಅಜ್ಜಿ ಫೋನಲ್ಲಿ ಖಡಕ್ಕಾಗಿ ಹೇಳಿದ್ಲು: "ನಾನು ಇಲ್ಲಿ ಇಡ್ತೀನಿ, ಅದು ಬ್ಯಾರೆ. ಮೊದಲ್ನೇ ಎಡೆ ನಿನ್ ಕೈಯಾಗೇ ಬೀಳ್ಬೇಕು ಕಣ್ಲಾ. ಇಲ್ಲಾಂದ್ರೆ ನಿಮ್ ತಾತ ವರ್ಷ ಗಂಟ ಹಸ್ಕೊಂಡು ಬಾಗ್ಲಾಗೆ ನಿಂತಿರ್ತಾನೆ."

ಅಷ್ಟು ದೂರ ಬರೋಕೆ ತಾತನಿಗೆ ವೀಸಾ ಯಾರು ಕೊಡ್ತಾರೆ ಅಂತ ತಮಾಷೆ ಮಾಡಿದೆ. ಅಜ್ಜಿ ನಗಲಿಲ್ಲ.

ಅದಕ್ಕೆ ಮೂರು ವಾರ ಮುಂಚೆ ಹಾಸ್ಟೆಲ್ ಬಿಟ್ಟು ಒಂದು ರೂಮು ಹಿಡಿದಿದ್ದೆ. ಎರಡನೇ ಮಹಡಿ, ಒಂದೇ ಕೋಣೆ, ಬಾಡಿಗೆ ಸುತ್ತಮುತ್ತ ಎಲ್ಲಕ್ಕಿಂತ ಕಮ್ಮಿ. ಮನೆ ತೋರಿಸಿದ ಏಜೆಂಟ್ ಕೀ ಕೊಡೋ ಮುಂಚೆ ಒಂದು ಕಾಗದ ಮುಂದಿಟ್ಟು, ಬೆರಳಿಟ್ಟು ಒಂದೊಂದೇ ಸಾಲು ಓದಿ ಹೇಳಿದ. ಮುಖ ಸಪ್ಪಗೆ ಮಾಡ್ಕೊಂಡು ಮೂರು ಸಲ ಬಗ್ಗಿದ. ನಾನು ಏನು ಹೇಳಿರ್ತೀನಿ ಅಂತ ನಿಮಗೇ ಗೊತ್ತು. ಹಾಯ್, ಹಾಯ್, ಹಾಯ್. ಸಹಿ ಹಾಕಿ ಒಂದು ಪ್ರತಿ ಫೈಲಲ್ಲಿಟ್ಟೆ.

ಅಮಾಸೆ ದಿನ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಬಂದು ಅಡುಗೆಗೆ ನಿಂತೆ. ಸೂಟ್‌ಕೇಸಲ್ಲಿ ತಂದಿದ್ದ ರಾಗಿಹಿಟ್ಟು, ಹುರುಳಿಕಾಳು. ತಾತನಿಗೆ ಮುದ್ದೆ, ಹುರುಳಿಕಾಳು ಸಾರು ಇದ್ರೆ ಬೇರೆ ಏನೂ ಬೇಡ. ಸಾರನ್ನ ಬಟ್ಟಲೆತ್ತಿ ಸೊರ್ರ್ ಅಂತ ಕುಡಿಯೋನು, ಆಚೆ ಬೀದಿವರೆಗೂ ಕೇಳೋದು. ಸ್ಟೀಲ್ ತಟ್ಟೇಲಿ ಮುದ್ದೆ, ಅನ್ನ ಇಟ್ಟೆ, ಬಟ್ಟಲಲ್ಲಿ ಸಾರು ಬಿಟ್ಟೆ. ಫೋಟೋ ಇರಲಿಲ್ಲ. ಫೋನಲ್ಲಿ ತಾತನ ಫೋಟೋ ತೆಗೆದು ಗೋಡೆಗೆ ಒರಗಿಸಿದೆ. "ಬಂದು ಉಣ್ಣಿ" ಅಂತ ಕೈ ಮುಗಿದು, ಆಚೆ ಬಂದು ಬಾಗಿಲು ಎಳ್ಕೊಂಡೆ. ಕೀ ನನ್ನ ಕೈಲೇ ಇತ್ತು.

ವರಾಂಡದಲ್ಲಿ ನಿಂತ ಒಂದು ನಿಮಿಷಕ್ಕೆ ನನ್ನ ಪೆದ್ದುತನ ಹೊಳೀತು. ಫೋನಿನ ಪರದೆ ಮೂವತ್ತು ಸೆಕೆಂಡಿಗೆ ಆರಿಹೋಗುತ್ತೆ. ಒಳಗೆ ತಾತನ ಮುಖ ಇಲ್ಲ. ಎಡೆ ಮುಂದೆ ಇರೋದು ಬರೀ ಕಪ್ಪು ಗಾಜು. ವಾಪಸ್ ಹೋಗೋ ಹಾಗಿಲ್ಲ, ಇಣುಕಬಾರದು.

ಅಷ್ಟರಲ್ಲಿ ಪಕ್ಕದ ರೂಮಿನ ಮುದುಕಿ ಮೆಟ್ಟಿಲು ಹತ್ತಿ ಬಂದ್ಲು. ನನ್ನ ಬಾಗಿಲ ಮುಂದೆ ನಾನೇ ಕೈ ಮುಗ್ಕೊಂಡು ನಿಂತಿದ್ದು ನೋಡಿ ನಿಂತ್ಲು. ಈಗ ಏನು ಕೇಳ್ತಾಳೋ, ಏನಕ್ಕೆ ಹಾಯ್ ಅಂತೀನೋ ಅಂತ ನಾನು ಬೆವರಿದೆ. ಅವಳು ಏನೂ ಕೇಳಲಿಲ್ಲ. ಕೈಚೀಲ ಕೆಳಗಿಟ್ಟು, ನನ್ನ ಬಾಗಿಲ ಕಡೆ ತಿರುಗಿ, ತಾನೂ ಕೈ ಜೋಡಿಸಿ ತುಂಬಾ ಹೊತ್ತು ತಲೆ ಬಗ್ಗಿಸಿ ನಿಂತ್ಲು. ಆಮೇಲೆ ಚೀಲ ಎತ್ಕೊಂಡು ತನ್ನ ರೂಮಿಗೆ ಹೋದ್ಲು. ನಾನು ಮರ್ಯಾದೆಗೆ ಮಾಡಿದ್ಲು ಅನ್ಕೊಂಡೆ.

ಸಾಯಂಕಾಲ ಐದಕ್ಕೆ ಇಲ್ಲಿ ಊರ ಮೈಕಲ್ಲಿ ದಿನಾ ಒಂದು ರಾಗ ಹಾಕ್ತಾರೆ. ಅದು ಮುಗಿದು ಎಲ್ಲ ಸ್ತಬ್ಧ ಆಯ್ತು. ಆಗ ಕೇಳಿಸ್ತು, ನನ್ನ ಬಾಗಿಲ ಒಳಗಿಂದ. ಸೊರ್ರ್.

ಮೊದಲು ನಂಗೆ ಭಯ ಆಗಲಿಲ್ಲ ಅಂದ್ರೆ ನಂಬಿ. ಖುಷಿ ಆಯ್ತು. ತಾತ ಬಂದ ಅನ್ಕೊಂಡೆ. ಇನ್ನೊಂದ್ಸಲ ಸೊರ್ರ್. ಆಮೇಲೆ ಸಣ್ಣಗೆ ಕಟಕ್ ಅಂತ ಒಂದು ಸದ್ದು. ಬಟ್ಟಲು ಕೆಳಗಿಟ್ಟ ಹಾಗೆ. ತಾತ ಯಾವತ್ತೂ ಬಟ್ಟಲನ್ನ ಅಷ್ಟು ಮೆಲ್ಲಗೆ ಇಟ್ಟೋನಲ್ಲ, ಅವನು ಕುಕ್ಕೋನು.

ಕೆಮ್ಮಿದೆ. ಸದ್ದು ಬರಲಿಲ್ಲ, ಮತ್ತೆ ಕೆಮ್ಮಿದೆ. ಬಾಗಿಲು ತೆಗೆದೆ.

ಒಳಗೆ ಯಾರೂ ಇಲ್ಲ. ಕಿಟಕಿ ಒಳಗಿಂದ ಚಿಲಕ ಹಾಕಿತ್ತು. ಸಾರಿನ ಬಟ್ಟಲು ಖಾಲಿ, ತಳದಲ್ಲಿ ನಾಲ್ಕು ಕಾಳು. ಅನ್ನ ಅರ್ಧ ಇತ್ತು. ಮುದ್ದೆ ಹಾಗೇ ಇತ್ತು, ಆದ್ರೆ ಅದರ ಮೇಲೆ ಅಕ್ಕಪಕ್ಕ ಎರಡು ತೂತು. ಸಣ್ಣ, ದುಂಡನೆ ತೂತು. ಪಕ್ಕದಲ್ಲಿ ಚಾಪ್‌ಸ್ಟಿಕ್ಕು. ಅಂಗಡಿ ಊಟದ ಜೊತೆ ಪುಕ್ಕಟೆ ಕೊಡ್ತಾರಲ್ಲ, ಕಾಗದದ ಕವರಿಂದು, ಅದನ್ನ ನಾನು ಒಡೆಯದೇ ಒಲೆ ಮೇಲಿನ ಡಬ್ಬೀಲಿ ಹಾಕಿಟ್ಟಿದ್ದೆ. ಈಗ ಕಡ್ಡಿ ಎರಡೂ ತಟ್ಟೆ ಮುಂದೆ ಅಡ್ಡಡ್ಡ ಮಲಗಿದ್ವು, ತುದಿ ಒದ್ದೆ. ಕವರನ್ನ ನಾಲ್ಕು ಮಡಿಕೆ ಮಾಡಿ, ಕಡ್ಡಿ ತುದಿ ನೆಲಕ್ಕೆ ತಾಗದ ಹಾಗೆ ದಿಂಬು ಕೊಟ್ಟಿತ್ತು. ನಮ್ಮ ಆಶ್ರಮದಲ್ಲಿ ಮುದುಕರು ಊಟ ಮುಗಿಸಿ ದಿನಾ ಹಂಗೇ ಮಡಿಸಿಡೋದು.

ಫೋನ್ ಎತ್ಕೊಂಡು ಅಜ್ಜಿಗೆ ಹಚ್ಚಿದೆ.

"ಉಂಡ್ನೇನ್ಲಾ ನಿಮ್ ತಾತ?"

"ಸಾರು ಪೂರ್ತಿ ಖಾಲಿ ಅಜ್ಜಿ."

"ಸುಳ್ ಹೇಳ್ಬ್ಯಾಡ. ನೀನೇ ಕುಡ್ದಿರ್ತೀಯ. ವಡೆ ಕದ್ದೋನಲ್ವಾ ನೀನು."

ಇಷ್ಟು ವರ್ಷ ಅವಳಿಗೆ ಗೊತ್ತಿತ್ತು ಅಂತ ಆಗ ಗೊತ್ತಾಯ್ತು. "ನಿನ್ನಾಣೆ ನಾನಲ್ಲ ಅಜ್ಜಿ," ಅಂದೆ. ನನ್ನ ದನಿ ಕೇಳಿ ಅವಳಿಗೂ ನಂಬಿಕೆ ಬಂತು.

"ಮುದ್ದೆ?"

"ಮುದ್ದೆ ಹಂಗೇ ಅದೆ. ಚುಚ್ಚಿ ನೋಡಿ ಬಿಟ್ಟವ್ರೆ."

"ನಿಮ್ ತಾತ ಮುದ್ದೆ ಬಿಟ್ಟು ಎದ್ದೋನಲ್ಲ ಕಣ್ಲಾ," ಅಂದ್ಲು. "ಯಾರಿಗ್ಲಾ ಇಟ್ಟೆ ನೀನು?"

ಆ ರೂಮಲ್ಲಿ ನನ್ನ ಬೆನ್ನ ಹಿಂದಿನ ಜಾಗ ಎಷ್ಟು ದೊಡ್ಡದು ಅಂತ ಮೊದಲನೇ ಸಲ ಅನ್ನಿಸ್ತು.

"ಯಾರೋ ಹಸ್ಕೊಂಡಿದ್ದೋರು ಇರ್ಬೇಕು. ಬೈಬ್ಯಾಡ, ಕೈ ಮುಗಿ," ಅಂದ್ಲು ಅಜ್ಜಿ. "ನಿಮ್ ತಾತಂಗೆ ಬ್ಯಾರೆ ಇಡು. ಇವತ್ತು ದಾಟ್ಬಾರ್ದು."

ಓಡಿಹೋಗಬೇಕು ಅನ್ನಿಸ್ತು, ಸುಳ್ಳು ಹೇಳಲ್ಲ. ಸ್ಟೇಷನ್ನಿಗೆ ಹತ್ತೇ ನಿಮಿಷ. ಆದ್ರೆ ಮಣ್ಣಿಗೂ ಹೋಗದೋನು, ಈಗ ಎಡೇನೂ ಬಿಟ್ಟು ಓಡಿದ್ರೆ ತಾತನಿಗೆ ಉಳಿಯೋದೇನು? ಮತ್ತೆ ಹಿಟ್ಟು ತಿರುವಿದೆ. ಗೋಡೆಗೆ ಬೆನ್ನು ಕೊಟ್ಕೊಂಡು ಮುದ್ದೆ ಕಟ್ಟಿದ ಮೊದಲನೇ ಮನುಷ್ಯ ನಾನೇ ಇರಬೇಕು. ಪಾತ್ರೇಲಿ ಉಳಿದಿದ್ದ ಸಾರು ಬಿಟ್ಟೆ. ಫೋನಿನ ಪರದೆ ಆರದ ಹಾಗೆ ಮಾಡಿದೆ. ಹುಟ್ಟಿದಾಗಿನಿಂದ ತಾತನ ಹೆಸರು ಹಿಡಿದು ಕೂಗಿದೋನಲ್ಲ, ಆವತ್ತು ಕೂಗಿದೆ. "ಹನುಮಂತರಾಯಪ್ಪ, ಬಂದು ಉಣ್ಣು." ಬಾಗಿಲು ಎಳ್ಕೊಂಡು ವರಾಂಡದ ಕತ್ತಲಲ್ಲಿ ನಿಂತೆ.

ಏನೂ ಸದ್ದಿಲ್ಲ. ಕೆಮ್ಮಿ ತೆಗೆದ್ರೆ ಎಲ್ಲ ಇಟ್ಟದ್ದು ಇಟ್ಟ ಹಾಗೇ. ಮುದ್ದೆ ಗುಂಡಗೆ, ಸಾರು ತುಂಬಿ, ಫೋನಲ್ಲಿ ತಾತ ನಗ್ತಾ ಇದ್ದ. ಒಂದು ಅಗುಳೂ ಕಮ್ಮಿ ಆಗಿರಲಿಲ್ಲ. ನಮ್ಮೂರಲ್ಲಿ ಪ್ರತಿ ವರ್ಷ ಆಗ್ತಿದ್ದದ್ದೂ ಅದೇ ಅಲ್ವಾ? ಹಂಗಾದ್ರೆ ತಾತ ಬಂದನಾ, ಬರಲಿಲ್ವಾ? ಅಜ್ಜಿಗೆ ಬಂದ ಅಂದೆ. ಅವಳು ಅತ್ತಳು.

ಬಿಟ್ಟ ಅನ್ನ ಏನು ಮಾಡೋದು ಅಂತ ಕಸದ ಚಾರ್ಟು ನೋಡಿದೆ. ಅಂಥ ಊಟ ಯಾವ ವಾರದ ಕಸಕ್ಕೆ ಹೋಗುತ್ತೆ ಅಂತ ಅದರಲ್ಲಿ ಇರಲಿಲ್ಲ. ಬೆಳಗ್ಗೆ ಕಾಗೆಗೆ ಇಟ್ಟೆ.

ನನ್ನ ಜೊತೆ ಬಂದ ರಾಯದುರ್ಗದ ಬಸವರಾಜ ಬೇರೆ ಊರಲ್ಲಿದ್ದ. ಅವನಿಗೆ ಹೇಳಿದೆ. "ಇಲಿ ಇರ್ಬೇಕ್ರಿ, ಯಾಕ ಅಂಜ್ತೀರಿ?" ಅಂದ. ಕವರ್ ಮಡಿಸಿದ್ದು ಹೇಳಿದೆ. "ಹಂಗಾರ ನೀವು ಈ ತಿಂಗಳು ನಮ್ಮ ರೂಮಿಗೆ ಬರಬ್ಯಾಡ್ರಿ," ಅಂದು ಫೋನಿಟ್ಟ.

ಪಾಳಿಯ ದಣಿವಲ್ಲಿ ನಾನೇ ತಿಂದು ಮರೆತೆನಾ ಅಂತಲೂ ಯೋಚಿಸಿದ್ದೀನಿ. ಆದ್ರೆ ನಾನು ಮುದ್ದೆಗೆ ಕಡ್ಡಿ ಚುಚ್ಚೋನಲ್ಲ. ಅದಾಗಿ ಮೂರು ವರ್ಷ ಆಯ್ತು, ಅದೇ ರೂಮಲ್ಲಿದ್ದೀನಿ. ಅಮಾಸೆ ದಿನ ಎರಡು ತಟ್ಟೆ ಇಡ್ತೀನಿ. ಒಂದರಲ್ಲಿ ಮುದ್ದೆ. ಇನ್ನೊಂದರಲ್ಲಿ ಮುದ್ದೆ ಇಲ್ಲ, ಅನ್ನ, ಸಾರು, ಜೊತೆಗೊಂದು ಹೊಸ ಚಾಪ್‌ಸ್ಟಿಕ್ಕು. ಈಚೆಗೆ ಎರಡೂ ಇಟ್ಟ ಹಾಗೇ ಇರ್ತವೆ.

ಏಜೆಂಟ್ ಕೊಟ್ಟ ಕಾಗದ ಬೀರುವಿನ ಫೈಲಲ್ಲೇ ಇದೆ. ಅವತ್ತು ಅವನು ಬೆರಳಿಟ್ಟು ತೋರಿಸಿದ ಸಾಲು ಓದೋವಷ್ಟು ಭಾಷೆ ಈಗ ನಂಗೆ ಬರುತ್ತೆ. ರೂಮಲ್ಲಿ ಮುಂಚೆ ಯಾರಾದ್ರೂ ಸತ್ತಿದ್ರೆ ಬಾಡಿಗೆಗೆ ಬರೋರಿಗೆ ಅದನ್ನ ಮೊದಲೇ ಹೇಳ್ಬೇಕು ಅನ್ನೋದು ಇಲ್ಲಿನ ಪದ್ಧತಿ ಅಂತಾನೂ ಈಗ ಗೊತ್ತು. ಎರಡು ಸಲ ಫೈಲು ಕೈಗೆ ತಗೊಂಡಿದ್ದೀನಿ. ಬಿಚ್ಚಿಲ್ಲ.